ಪಾರ್ವತಮ್ಮನವರ ಕಣ್ಣಿಗೆ ಬೀಳದ ಕಟ್ಟಡ

ಆರ್ಕಿಟೆಕ್ಚರ್ ಓದಿ ಈಗಷ್ಟೇ ಕೆಲಸಕ್ಕೆ ಇಳಿದಿರುವ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಮನೆ ಹರಪನಹಳ್ಳಿ ಬಸ್ ಸ್ಟ್ಯಾಂಡಿಗೆ ಹತ್ತಿರ. ಹಾಗಾಗಿ ಬಸ್ ತಪ್ಪಿಸಿಕೊಂಡವರೂ ಬರುತ್ತಾರೆ. ಚಹಾ ಕುಡಿಯುತ್ತ ಎಲ್ಲರೂ ಕೇಳುವುದು ಒಂದೇ: ಗುಡೇಕೋಟೆ ಹತ್ತಿರದ ವೈನ್ ರುಚಿ ನೋಡುವ ಕೋಣೆಯನ್ನು ಹೇಗೆ ಕಟ್ಟಿದಿರಿ? ನಾನು ಜೀವಮಾನದಲ್ಲಿ ಕಟ್ಟಿಸಿದ್ದು ಹೆಚ್ಚಾಗಿ ಮೆಕ್ಕೆಜೋಳದ ಗೋದಾಮು, ಬೀಜ ಗೊಬ್ಬರದ ಅಂಗಡಿ, ಪೆಟ್ರೋಲ್ ಬಂಕು, ಕಲ್ಯಾಣ ಮಂಟಪ. ಅವುಗಳ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಆ ಗೋದಾಮುಗಳಿಲ್ಲದೆ ಈ ಕೋಣೆ ಇರುತ್ತಿರಲಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ.

ನನ್ನ ಮೊದಲ ಕೆಲಸ ಹೊಸಪೇಟೆಯ ಒಬ್ಬ ಹಿರಿಯ ಆರ್ಕಿಟೆಕ್ಟರ ಕಚೇರಿಯಲ್ಲಿ. ಅವರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಟ್ರೇಸಿಂಗ್ ಪೇಪರಿನ ಮೇಲೆ ಇಂಕಿನಲ್ಲಿ ನಕ್ಷೆ ಬರೆದು, ಮೂಗು ಉರಿಸುವ ಅಮೋನಿಯಾದಲ್ಲಿ ಪ್ರಿಂಟ್ ತೆಗೆಯುವ ಕಾಲ. ಸಾಹೇಬರ ಕೈಬರಹ ಮುತ್ತು. ಸಿಟ್ಟು ಮೂಗಿನ ತುದಿಯಲ್ಲಿ. ಅವರು ಕೊಟ್ಟೂರಿನಲ್ಲಿ ಒಂದು ಕಲ್ಯಾಣ ಮಂಟಪ ಮಾಡಿದ್ದರು. ನೋಡುವುದಕ್ಕೆ ಅರಮನೆ. ಮೊದಲ ಮದುವೆಗೆ ನಮ್ಮನ್ನೆಲ್ಲ ಕರೆದುಕೊಂಡು ಹೋದರು. ಬೇಸಿಗೆಯ ಕೊನೆ. ಊಟಕ್ಕೆ ಎಲೆ ಹಾಕಿದ ಹೊತ್ತಿಗೆ ಸರಿಯಾಗಿ ಪಡುವಣ ಗಾಳಿ ಬೀಸಿತು. ಊಟದ ಹಾಲಿನ ಎರಡು ದೊಡ್ಡ ಬಾಗಿಲು ಪಡುವಣಕ್ಕೇ ಇದ್ದವು. ಎಲೆಗಳು ಎದ್ದು ಬೀಗರ ಮುಖಕ್ಕೆ ಬಡಿದವು. ಸಾಹೇಬರು ಒಂದು ಕೈಯಲ್ಲಿ ತಮ್ಮ ಎಲೆ, ಇನ್ನೊಂದು ಕೈಯಲ್ಲಿ ಪಕ್ಕದ ಅಜ್ಜನ ಎಲೆ ಒತ್ತಿ ಹಿಡಿದು ಕೂತಿದ್ದರು. ಬಡಿಸುವವರು ಬಂದಾಗ ಅವರಿಗೆ ತಿನ್ನಲು ಕೈಯೇ ಉಳಿಯಲಿಲ್ಲ. ವಾಪಸ್ ಬರುವಾಗ ಜೀಪಿನಲ್ಲಿ, "ಶಾಂತಾ, ನಾವು ಮುಖದ ಚಂದ ನೋಡಿದ್ವಿ, ಗಾಳಿ ನೋಡ್ಲಿಲ್ಲ" ಎಂದರು. ಸಿಟ್ಟಿನ ಮನುಷ್ಯ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಆಮೇಲೆ ನಾನು ಹರಪನಹಳ್ಳಿಯಲ್ಲಿ ಸ್ವಂತ ಕಚೇರಿ ಹಾಕಿದೆ. ಮೆಕ್ಕೆಜೋಳದ ವ್ಯಾಪಾರಿಗಳು ಗೋದಾಮು ಕಟ್ಟಿಸಲು ಬರುತ್ತಿದ್ದರು. ಗೋದಾಮು ಅಂದರೆ ಕಾಳು ಬೆಚ್ಚಗಾಗಬಾರದು, ತೇವ ಹಿಡಿಯಬಾರದು, ಗಾಳಿ ಬರಬೇಕು, ಮಳೆ ಬರಬಾರದು. ಹೆಸರು ಬರುವ ಕೆಲಸವಲ್ಲ. ಒಂದು ಕೋಣೆಯನ್ನು ಯಂತ್ರವಿಲ್ಲದೆ ತಂಪಾಗಿಡುವುದು ಹೇಗೆ ಎಂದು ಕಲಿತದ್ದು ಮಾತ್ರ ಅಲ್ಲೇ.

ಅಂಥ ಒಂದು ಗೋದಾಮಿನ ಯಜಮಾನ ವೀರೇಶ. ನಲವತ್ತು ದಾಟಿರದ, ಹಟದ ಮನುಷ್ಯ. ಗುಡೇಕೋಟೆ ಕಡೆ, ಕಲ್ಲುಗುಂಡುಗಳ ಗುಡ್ಡದ ಬುಡದಲ್ಲಿ, ಅವನ ತಾಯಿಗೆ ತವರಿನಿಂದ ಬಂದ ಹೊಲವಿತ್ತು. ಅಲ್ಲಿ ತಿನ್ನುವ ದ್ರಾಕ್ಷಿ ಹಾಕಿದ್ದವನು ಬರಬರುತ್ತ ವೈನಿನ ದ್ರಾಕ್ಷಿಗೆ ತಿರುಗಿದ್ದ. ಸಣ್ಣ ವೈನರಿಯನ್ನೂ ಹಾಕಿದ್ದ. ಒಂದು ದಿನ ಕಚೇರಿಗೆ ಬಂದು ಹೇಳಿದ:

"ಮೇಡಂ, ಗುಡ್ಡದ ನೆತ್ತಿ ಮ್ಯಾಲೆ ಒಂದು ಗಾಜಿನ ಹಾಲ್ ಬೇಕಾಗೈತ್ರಿ. ರೋಡಿನ ಮ್ಯಾಲೆ ಹೋಗೋರಿಗೆ ಕಣ್ಣಿಗೆ ಹೊಡಿಬೇಕು. ಬಂದೋರು ಕೂತು ವೈನ್ ರುಚಿ ನೋಡಿ ಹೋಗ್ಬೇಕು."

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ಸಂಜೆ ಸುದ್ದಿ ಹೇಳಿದಾಗ ನನ್ನ ಗಂಡ ಪತ್ರಿಕೆ ಮಡಚಿಟ್ಟು, "ಕುಡಿಯೋ ಜಾಗಕ್ಕ ನೀನು ನಕ್ಷೆ ಹಾಕ್ತೀಯೇನು?" ಎಂದರು. ನನಗೂ ಮನಸ್ಸಿರಲಿಲ್ಲ. ಒಲ್ಲೆ ಎಂದು ಹೇಳುವುದಕ್ಕೇ ಮಾರನೆಯ ವಾರ ಗುಡೇಕೋಟೆಗೆ ಹೋದೆ. ಕೆಲಸ ಒಲ್ಲೆ ಎನ್ನುವುದಾದರೂ ಜಾಗ ನೋಡಿಯೇ ಒಲ್ಲೆ ಎನ್ನುವುದು ನನ್ನ ಅಭ್ಯಾಸ.

ಗುಡ್ಡ ಹತ್ತಿ ನೋಡಿದರೆ ನೆತ್ತಿಯ ಗುಂಡುಗಳ ಮೇಲೆಲ್ಲ ಸುಣ್ಣದಲ್ಲಿ ಗುರುತು. ಎಲ್ಲಿ ಕೊರೆದು ಮದ್ದು ತುಂಬಬೇಕು ಎಂದು ಯಾರೋ ಗುರುತು ಹಾಕಿ ಹೋಗಿದ್ದರು. ಕಲ್ಲು ಕೊರೆಯುವ ಕಂಪ್ರೆಸರ್ ಬರುವುದೊಂದು ಬಾಕಿ. ಆನೆಯಂಥ ಗುಂಡುಗಳು, ಒಂದರ ಮೇಲೊಂದು ಒರಗಿ ನಿಂತವು, ನಡುವೆ ಕವಳಿ ಗಿಡ, ನೆರಳಿನಲ್ಲಿ ಒದ್ದೆ ಪಾಚಿ. ನಾನು ಒಲ್ಲೆ ಎಂದರೆ ಈ ಗುಂಡುಗಳು ಜಲ್ಲಿಯಾಗುತ್ತವೆ, ಗಾಜಿನ ಹಾಲನ್ನು ಇನ್ನೊಬ್ಬರು ಕಟ್ಟುತ್ತಾರೆ. ಕೆಳಗಿಳಿದು ಬಂದು ವೀರೇಶನಿಗೆ, "ಕೆಲಸ ಮಾಡ್ತೀನಿ. ಆದರೆ ನಾನು ಹೇಳೋತನಕ ಮದ್ದು ಹಚ್ಚಬಾರದು" ಎಂದೆ. ಮುಖ ಗಂಟಿಕ್ಕಿಕೊಂಡೇ ಒಪ್ಪಿದ.

ಮರಳುವ ಮೊದಲು ಅವನ ಮನೆಗೆ ಕರೆದೊಯ್ದ. ತೋಟದಲ್ಲೇ ಮನೆ. ಅಲ್ಲಿ ಅವನ ತಾಯಿ ಪಾರ್ವತಮ್ಮ ಇದ್ದರು. ಮಲ್ಲಿಗೆಗೆ ಹೆಸರಾದ ಹಡಗಲಿಯ ಅಜ್ಜಿ ಮನೆಯಲ್ಲಿ ಬೆಳೆದವರು, ಅಂಗಳದ ತುಂಬ ಮಲ್ಲಿಗೆ ಬಳ್ಳಿ. ನನ್ನ ಹಣೆಯ ವಿಭೂತಿ ನೋಡಿ ಕೂರಿಸಿ ಮಜ್ಜಿಗೆ ಕೊಟ್ಟರು. ಮಗ ಒಳಗೆ ಹೋದದ್ದೇ ತಡ, ದನಿ ತಗ್ಗಿಸಿದರು.

"ನೋಡವ್ವ, ಹೊಲ ನನ್ನ ಹೆಸರಲೆ ಐತಿ. ಬ್ಯಾಡ ಅಂದ್ರ ನಿಲ್ತಾನ. ಆದ್ರ ಅಂವ ಇದರಾಗ ಜೀವಾ ಇಟ್ಟಾನ. ದ್ರಾಕ್ಷಿ ಗಿಡಕ್ಕ ಕೂಸಿಗೆ ಮಾಡಿದಂಗ ಮಾಡ್ತಾನ. ನಾ ಬ್ಯಾಡ ಅನ್ನಾಕಿ ಅಲ್ಲ. ನಂದು ಒಂದೇ ಮಾತು. ನಾ ಸೋಮವಾರಕ್ಕೊಮ್ಮಿ ಆ ಕಡಿ ದಿಬ್ಬದ ಈಶ್ವರನ ಗುಡಿಗೆ ಹೋಗ್ತೀನಿ. ಅಲ್ಲಿ ಕೂತಾಗ ಅದು ನನ್ನ ಕಣ್ಣಿಗೆ ಬೀಳಬಾರದು."

ಮಗನಿಗೆ ರಸ್ತೆಯ ಜನಕ್ಕೆಲ್ಲ ಕಾಣಬೇಕು, ತಾಯಿಗೆ ಗುಡಿಯಿಂದ ಕಾಣಬಾರದು. ನನ್ನ ಮೂವತ್ತು ವರ್ಷಗಳ ಕೆಲಸದಲ್ಲಿ ಅಷ್ಟು ಸ್ಪಷ್ಟವಾದ ಎರಡು ಬೇಡಿಕೆ ಒಂದೇ ಮನೆಯಿಂದ ಬಂದದ್ದಿಲ್ಲ.

ಮುಂದಿನ ಸೋಮವಾರ ನಾನು ಪಾರ್ವತಮ್ಮನವರ ಜೊತೆ ಗುಡಿಗೆ ಹೋದೆ. ಗುಡ್ಡದ ನೆತ್ತಿಯಲ್ಲಿ ಮೇಸ್ತ್ರಿ ಖಾಸಿಂ ಸಾಬರು ಉದ್ದನೆಯ ಬಿದಿರಿಗೆ ಕೆಂಪು ಸೀರೆ ಕಟ್ಟಿ ಎತ್ತಿ ಹಿಡಿದು ನಿಂತಿದ್ದರು. ಹರಪನಹಳ್ಳಿಯ ಕಲ್ಲು ಕೆಲಸದ ಮೇಸ್ತ್ರಿ, ನನ್ನ ಗೋದಾಮುಗಳನ್ನೆಲ್ಲ ಕಟ್ಟಿದವರು. ಅವರ ಪಕ್ಕದಲ್ಲಿ ವೀರೇಶ. ನನ್ನ ಕೈಯಲ್ಲಿ ಫೋನು.

"ಅಮ್ಮಾ, ಕಾಣ್ತದೇನ್ರಿ?" ಎಂದೆ.

ಪಾರ್ವತಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. "ಯಾಕ ಕಾಣಂಗಿಲ್ಲ? ಜಾತ್ರಿ ಬಾವುಟದಂಗ ಕಾಣತೈತಿ."

ಫೋನಿನಲ್ಲಿ ಕೆಳಗೆ ಇಳಿಯಲು ಹೇಳಿದೆ. ಸೀರೆ ಒಂದು ಗುಂಡು ಇಳಿಯಿತು. "ಕಾಣತೈತಿ." ಇನ್ನಷ್ಟು ಇಳಿಯಿತು. "ಚೂರು ಕಾಣತೈತಿ." ಅತ್ತ ವೀರೇಶ ಫೋನು ಕಸಿದುಕೊಂಡು, "ಮೇಡಂ, ಹಿಂಗ ಇಳಿಸ್ಕೋತ ಹೋದ್ರ ನಾವು ಬಾವಿಯೊಳಗ ಕೂಡಬೇಕಾಗತೈತಿ" ಎಂದ. ಇಳಿಯುತ್ತ ಇಳಿಯುತ್ತ ಅವರು ಇಳಿಜಾರಿನ ಅರ್ಧಕ್ಕೆ, ಎರಡು ದೊಡ್ಡ ಗುಂಡುಗಳ ನಡುವೆ ಒಂದು ತಗ್ಗಿಗೆ ಬಂದರು. ಪಾರ್ವತಮ್ಮ ಕುತ್ತಿಗೆ ಚಾಚಿದರು, ಎದ್ದು ನಿಂತರು, ಮತ್ತೆ ಕೂತರು.

"ಈಗ ಕಾಣಂಗಿಲ್ಲ" ಎಂದರು.

ಚಾವಣಿಯ ಎತ್ತರ ಹೀಗೆ ಗೊತ್ತಾಯಿತು. ಆ ಸಂಜೆ ತಗ್ಗಿಗೆ ಹೋಗಿ ನಿಂತೆ. ಎರಡು ಕಡೆ ಗುಂಡೇ ಗೋಡೆ. ಮುಂದೆ ದ್ರಾಕ್ಷಿ ತೋಟ, ಅದರಾಚೆ ಬಿಸಿಲಿಗೆ ಬಣ್ಣ ಬದಲಿಸುವ ಬಯಲು. ನೆತ್ತಿಯ ಮೇಲೆ ನಿಂತರೆ ಎಲ್ಲವೂ ಕಂಡು ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಇಲ್ಲಿ ಹಾಗಲ್ಲ. ವೀರೇಶನೂ ಬಂದು ಪಕ್ಕಕ್ಕೆ ನಿಂತ. ಗುಂಡಿಗೆ ಬೆನ್ನು ಆನಿಸಿ ತೋಟ ನೋಡಿದ. "ರೋಡಿಗೆ ಬೋರ್ಡ್ ಹಾಕಿದ್ರಾಯ್ತು ಬಿಡ್ರಿ" ಎಂದ. ಕಂಪ್ರೆಸರಿನವನಿಗೆ ಬರಬೇಡ ಎಂದು ಅವನೇ ಫೋನು ಮಾಡಿದ.

ಎಳೆಯರಿಗೆ ಒಂದು ವಿಷಯ ಹೇಳಬೇಕು. ಆಗ ನನ್ನ ಕಚೇರಿಗೆ ಮಮತಾ ಎಂಬ ಹುಡುಗಿ ಸೇರಿದ್ದಳು, ಹಗರಿಬೊಮ್ಮನಹಳ್ಳಿಯವಳು, ಕಂಪ್ಯೂಟರಿನಲ್ಲಿ ಬಲು ಚುರುಕು. ಡ್ರೋನ್ ಹಾರಿಸಿ ಇಡೀ ಗುಡ್ಡದ ನಕ್ಷೆ ಒಂದೇ ಬೆಳಿಗ್ಗೆ ತೆಗೆಸಿದಳು. ನಮ್ಮ ಕಾಲದಲ್ಲಿ ಅದಕ್ಕೆ ತಿಂಗಳು ಬೇಕಿತ್ತು. ಆದರೆ ಪಾಯದ ಗುರುತು ಹಾಕಲು ಹೋದಾಗ ನೆಲ ನಕ್ಷೆಗಿಂತ ತಗ್ಗಿನಲ್ಲಿತ್ತು. ಇಬ್ಬರೂ ತಲೆ ಕೆಡಿಸಿಕೊಂಡೆವು. ಕಾರಣ ಹಿಡಿದದ್ದು ಮಮತಾಳೇ: ಡ್ರೋನ್ ಮೇಲಿನಿಂದ ನೋಡಿದ್ದು ಜಾಲಿ ಪೊದೆಗಳ ತಲೆಯನ್ನು, ಅದನ್ನೇ ನೆಲ ಎಂದುಕೊಂಡಿತ್ತು. ಪೊದೆಯ ಬುಡದಲ್ಲೆಲ್ಲ ನೀರಿನ ಟ್ಯೂಬು ಹಿಡಿದು ಮಟ್ಟ ತೆಗೆದು ನಕ್ಷೆ ತಿದ್ದಿದೆವು. ಡ್ರೋನೂ ಬೇಕು, ಟ್ಯೂಬೂ ಬೇಕು. ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಡಿ.

ವೈನ್ ಮಾಡುವ ಜವಾಬ್ದಾರಿ ಸ್ಮಿತಾ ಎಂಬಾಕೆಯದು. ವಿಜಯಪುರದ ಕಡೆಯವಳು, ದ್ರಾಕ್ಷಿ ಬೆಳೆಯುವ ಮನೆತನ. ರುಚಿ ನೋಡುವ ಕೋಣೆಗೆ ಏನೇನು ಬೇಕು ಎಂದು ಅವಳನ್ನು ಕೂರಿಸಿಕೊಂಡು ಕೇಳಿದೆ. ಮೇಜಿನ ಮೇಲೆ ಬಿಳಿ ಹಾಸು, ಬಡಗಣ ಬೆಳಕು, ವೈನಿನ ಬಣ್ಣ ಬಣ್ಣವಾಗಿಯೇ ಕಾಣಬೇಕು. ಗೋಡೆಗೆ ಕೆಂಪು ಹಳದಿ ಬೇಡ, ಅದರ ನೆರಳು ಗ್ಲಾಸಿಗೆ ಬೀಳುತ್ತದೆ. ತಂಪಿರಬೇಕು. ಎಲ್ಲಕ್ಕಿಂತ ಮುಖ್ಯ, "ಒಳಗ ಏನೂ ವಾಸನಿ ಬರಬಾರದ್ರಿ ಮೇಡಂ. ಒಳ್ಳೆ ವಾಸನಿನೂ ಬ್ಯಾಡ. ವೈನಿನ ರುಚಿ ಅರ್ಧ ಮೂಗಿನಾಗೇ ಅದ."

ಗೋಡೆಗೆ ಹೊಲದಲ್ಲಿ ಬಿದ್ದಿದ್ದ ಕಲ್ಲನ್ನೇ ಆರಿಸಿಕೊಂಡೆವು. ಖಾಸಿಂ ಸಾಬರು ಕಲ್ಲಿನ ಬಿಸಿಲು ತಿಂದ ಕಪ್ಪು ಮುಖವನ್ನು ಹೊರಗಿಟ್ಟು, ಒಡೆದ ತಿಳಿ ಮುಖವನ್ನು ಒಳಗಿಟ್ಟು ಕಟ್ಟಿದರು. ಹೊರಗಿನಿಂದ ನೋಡಿದರೆ ಗುಂಡು ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತು ಎಂದು ಕೈಯಿಟ್ಟು ಹುಡುಕಬೇಕು. ಒಳಗೆ ಸುಣ್ಣದ ಗಿಲಾವು. ನಮ್ಮ ಕಡೆ ಹಳೆಯ ಮಾಳಿಗೆ ಮನೆಗಳಿಗೆ ಮಣ್ಣಿನ ಚಾವಣಿ ಇರುತ್ತದಲ್ಲ, ಅದೇ ರೀತಿ ಇಲ್ಲಿ ಸ್ಲ್ಯಾಬ್ ಹಾಕಿ, ನೀರು ಇಳಿಯದ ಹಾಳೆ ಹಾಸಿ, ಮೇಲೆ ಜಲ್ಲಿ, ಅದರ ಮೇಲೆ ಗುಡ್ಡದ್ದೇ ಮಣ್ಣು, ಗುಡ್ಡದ್ದೇ ಹುಲ್ಲು. ಯಂತ್ರವಿಲ್ಲದೆ ತಂಪಾಗಿಡಲು ಗೋದಾಮುಗಳಲ್ಲಿ ಕಲಿತದ್ದೆಲ್ಲ ಇಲ್ಲಿ ಕೆಲಸಕ್ಕೆ ಬಂತು.

ಹೊರಗಿನ ಅಂಗಳಕ್ಕೆ ಕಾಂಕ್ರೀಟ್ ಹಾಕಿದ ಮಾರನೆಯ ದಿನ ನಾವು ಬಂದು ನೋಡಿದರೆ ಹಸಿ ನೆಲದ ಮೇಲೆ ಕರಡಿಯ ಹೆಜ್ಜೆ. ಅಡ್ಡಲಾಗಿ ದಾಟಿ ದ್ರಾಕ್ಷಿ ತೋಟದ ಕಡೆ ಹೋಗಿತ್ತು. ಖಾಸಿಂ ಸಾಬರು ಕರಣೆ ಹಿಡಿದು ಸರಿ ಮಾಡಲು ಹೊರಟರು. ವೀರೇಶ ತಡೆದ: "ಇರ್ಲಿ ಬಿಡ್ರಿ ಸಾಬ್ರ, ಅದು ನಮಗಿಂತ ಮೊದಲಿಂದ ಇಲ್ಲಿ ಐತಿ." ಗಾಜಿನ ಹಾಲ್ ಬೇಕೆಂದು ಬಂದವನ ಬಾಯಲ್ಲಿ ಆ ಮಾತು ಕೇಳಿ ನಾನೂ ಖಾಸಿಂ ಸಾಬರೂ ಮುಖ ಮುಖ ನೋಡಿಕೊಂಡೆವು. ರಾತ್ರಿ ಓಡಾಡುವ ಕರಡಿಗೆ ತೊಂದರೆಯಾಗದಿರಲಿ ಎಂದು ಹೊರಗಿನ ದೀಪಗಳನ್ನೂ ಕಡಿಮೆ ಮಾಡಿದೆವು. ಇದ್ದವುಗಳನ್ನು ನೆಲದತ್ತ ತಿರುಗಿಸಿದೆವು. ಈಗ ಬರುವ ಜನ ನನ್ನ ಕಟ್ಟಡದ್ದಕ್ಕಿಂತ ಆ ಹೆಜ್ಜೆಯ ಫೋಟೋ ಹೆಚ್ಚು ತೆಗೆಯುತ್ತಾರೆ.

ಎಲ್ಲವೂ ಸುಸೂತ್ರ ನಡೆಯಿತು ಎಂದುಕೊಳ್ಳಬೇಡಿ. ಚಾವಣಿ ಮುಗಿದು ಬಾಗಿಲು ಕೂರಿಸುವ ಹೊತ್ತಿಗೆ ಒಂದು ಮಧ್ಯಾಹ್ನ ದೊಡ್ಡ ಮಳೆ ಹೊಡೆಯಿತು. ನಮ್ಮ ಕಡೆ ಮಳೆ ಅಪರೂಪ. ಬಂದರೆ ಗುಡ್ಡ ಒಂದು ಹನಿಯನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ. ನಾವು ಇಳಿಜಾರಿನ ನೀರಿಗೆ ಒಂದು ಕಾಲುವೆ ತೋಡಿದ್ದೆವು. ಅದು ಕಸ ಕಡ್ಡಿ ತುಂಬಿ ಕಟ್ಟಿಕೊಂಡಿತು. ಕೆಂಪು ನೀರು ಹಿಂದಿನ ಗೋಡೆಗೆ ಬಡಿದು, ಬಾಗಿಲಿನ ಸಂದಿನಿಂದ ಒಳಗೆ ನುಗ್ಗಿತು. ಹೊಸ ಸುಣ್ಣದ ಗೋಡೆ ಮೊಣಕಾಲುದ್ದ ಕೆಂಪಾಯಿತು. ವೀರೇಶ ನೀರಿನಲ್ಲಿ ನಿಂತು ತಲೆಯ ಮೇಲೆ ಕೈ ಹೊತ್ತುಕೊಂಡ.

"ತಗ್ಗಿಗೆ ಇಳಿಸಿದವರು ಯಾರ್ರಿ ಮೇಡಂ? ನೆತ್ತಿ ಮ್ಯಾಲೆ ಕಟ್ಟಿದ್ರ ಹಿಂಗಾಗ್ತಿತ್ತೇನು?"

ಅವನು ಹೇಳಿದ್ದು ನಿಜ. ಸೆರಗು ಸಿಕ್ಕಿಸಿಕೊಂಡು ಸನಿಕೆ ತೆಗೆದುಕೊಂಡೆ. ಮಮತಾ, ಖಾಸಿಂ ಸಾಬರು, ಸ್ಮಿತಾ, ಕೆಲಸದವರು, ಆಮೇಲೆ ವೀರೇಶನೂ ಸೇರಿ ಕಾಲುವೆ ಬಿಡಿಸಿದೆವು. ಮಳೆ ನಿಂತಮೇಲೆ ನೀರು ಹೋದ ದಾರಿ ಕೆಂಪು ಗೆರೆಯಾಗಿ ಉಳಿದಿತ್ತು. ಮಮತಾ ಆ ಗೆರೆಯನ್ನೇ ಹಿಡಿದು ಮೇಲಕ್ಕೆ ನಡೆದು ಹೋದಳು. ಒಂದು ಕಾಲುವೆ ಸಾಲದು, ನೀರನ್ನು ಮೇಲೆಯೇ ಎರಡು ಕಡೆಗೆ ಹಂಚಬೇಕು ಎಂದಳು. ಹಾಗೇ ಮೇಲ್ಗಡೆ ಅಗಲವಾದ ಕಲ್ಲಿನ ಬದು ಹಾಕಿಸಿದೆವು. ಈಗ ಮಳೆನೀರು ಕಟ್ಟಡದ ಎರಡೂ ಬದಿಗೆ ಹರಿದು ತೋಟದ ಕೃಷಿ ಹೊಂಡಕ್ಕೆ ಸೇರುತ್ತದೆ. ಆಮೇಲಿನ ಮಳೆಗಳಲ್ಲಿ ಒಳಗೆ ಒಂದು ಹನಿಯೂ ಬಂದಿಲ್ಲ. ಗೋಡೆಗೆ ಮತ್ತೆ ಸುಣ್ಣ ಬಳಿಸಿದೆವು.

ಇನ್ನೊಂದು ಎಡವಟ್ಟು ಬಡಗಿಯಿಂದ ಬಂತು. ಮೇಜು, ಬಾಗಿಲಿಗೆ ಅವನು ಮನಸಾರೆ ಪಾಲಿಶ್ ಹೊಡೆದಿದ್ದ. ಮುಖ ಕಾಣುವಷ್ಟು ಮಿಂಚು. ಸ್ಮಿತಾ ಬಾಗಿಲಲ್ಲೇ ನಿಂತು ಮೂಗು ಎತ್ತಿ, "ಇಲ್ಲಿ ಯಾವ ವೈನ್ ಇಟ್ರೂ ಪಾಲಿಶಿನ ವೈನೇ ಆಗ್ತದ" ಎಂದಳು. ಕಿಟಕಿ ತೆರೆದಿಟ್ಟೆವು, ಫ್ಯಾನ್ ಹಾಕಿದೆವು, ಜಪ್ಪಯ್ಯ ಎಂದರೂ ವಾಸನೆ ಹೋಗಲಿಲ್ಲ. ಬಡಗಿಯನ್ನು ಸಮಾಧಾನ ಮಾಡಿ ಎಲ್ಲವನ್ನೂ ಉಜ್ಜಿ ತೆಗೆಸಿ ಬರೀ ಮರ ಬಿಟ್ಟೆವು. ಅದೇ ವಾರ ಪಾರ್ವತಮ್ಮ ಮಗನ ಕೈಯಲ್ಲಿ ಮಲ್ಲಿಗೆಯ ಕಡ್ಡಿಗಳನ್ನು ಕಳಿಸಿದ್ದರು, ಬಾಗಿಲ ಎರಡೂ ಕಡೆ ನೆಡಲಿ ಎಂದು. ಕಣ್ಣಿಗೆ ಬೀಳಬಾರದೆಂದವರು ಹೂ ಕಳಿಸಿದ್ದಾರೆ ಎಂದು ನನಗೆ ಸಂತೋಷ. ಮಲ್ಲಿಗೆಯ ವಾಸನೆ ಇದ್ದರೆ ಆಗುವುದಿಲ್ಲ ಎಂದು ಸ್ಮಿತಾಳಿಗೆ ಸಂಕಟ. ಕೊನೆಗೆ ಗಾಳಿ ಹೋಗುವ ದಿಕ್ಕು ನೋಡಿ, ಗಾಡಿ ನಿಲ್ಲಿಸುವ ಜಾಗದ ಆಚೆ ಬದಿಗೆ ನೆಟ್ಟೆವು. ಅಲ್ಲಿ ಅದು ಚೆನ್ನಾಗಿ ಹಬ್ಬಿದೆ.

ಉದ್ಘಾಟನೆಗೆ ಪಾರ್ವತಮ್ಮ ಬರಲಿಲ್ಲ. ನಾವೂ ಒತ್ತಾಯ ಮಾಡಲಿಲ್ಲ. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಗಿಲಾವು ನೋಡಲು ಹೋಗಿದ್ದೆ. ಸ್ಮಿತಾ ಗ್ಲಾಸು ಒರೆಸುತ್ತಿದ್ದಳು. ಪಾರ್ವತಮ್ಮ ಒಬ್ಬರೇ ಬಂದು ಅಂಗಳದಲ್ಲಿ ನಿಂತಿದ್ದರು. ಕೈಯಲ್ಲಿ ಗುಡಿಗೆ ಒಯ್ಯುವ ಹೂವಿನ ಬುಟ್ಟಿ.

"ಗುಡಿಯಿಂದ ಎಷ್ಟ್ ಹುಡುಕಿದ್ರೂ ಸಿಗಲಿಲ್ಲ" ಎಂದರು. "ಎಲ್ಲಿ ಐತಿ ಅಂತ ಸಿಟ್ಟು ಬಂದು ನಡಕೊಂತ ಬಂದೆ."

ಒಳಗೆ ಬನ್ನಿ ಎಂದೆ. ಬುಟ್ಟಿ ನೋಡಿಕೊಂಡು, "ಹೂವು ಒಳಗ ನಡಿಯಂಗಿಲ್ಲಂತ" ಎಂದು ಹಿಂಜರಿದರು. ನಾನು ಸ್ಮಿತಾಳ ಕಡೆ ನೋಡಿದೆ. ಅವಳು ಗ್ಲಾಸು ಕೆಳಗಿಟ್ಟು ಬಂದು ಅವರ ಕೈ ಹಿಡಿದಳು. "ಇವತ್ತ ಯಾರೂ ರುಚಿ ನೋಡೋರಿಲ್ಲರಿ ಅಮ್ಮ. ಬುಟ್ಟಿ ತಗೊಂಡೇ ಬರ್ರಿ."

ಪಾರ್ವತಮ್ಮ ಒಳಗೆ ಬಂದು ಗುಂಡಿನ ಮೇಲೆ ಕೈಯಾಡಿಸಿದರು, ಚಾವಣಿ ನೋಡಿದರು. ಕಿಟಕಿಯ ಹತ್ತಿರ ಕೂತು ತಮ್ಮ ತವರಿನ ಹೊಲವನ್ನು ಈ ಕಡೆಯಿಂದ ಮೊದಲ ಬಾರಿ ನೋಡಿದರು. ಅವರ ಅಪ್ಪ ಅಲ್ಲಿ ನವಣೆ ಬಿತ್ತುತ್ತಿದ್ದರಂತೆ. ಯಾವ ಮೂಲೆಯಲ್ಲಿ ಎಂದು ಬೆರಳು ಮಾಡಿ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟ್ ಚಲೋ ಕಟ್ಟಿ ಯಾಕವ್ವ ಮುಚ್ಚಿಟ್ಟಿ?" ಎಂದರು.

ನೀವೇ ಹೇಳಿದ್ದಲ್ಲವೇ ಎಂದೆ. ಸ್ಮಿತಾ ನಕ್ಕಳು, ಅವರೂ ನಕ್ಕರು.

ಅವರು ಇಂದಿಗೂ ವೈನ್ ಒಪ್ಪಿಲ್ಲ. ಒಪ್ಪಬೇಕೆಂದು ಯಾರೂ ಕೇಳಿಯೂ ಇಲ್ಲ. ಆದರೆ ಆ ದಿನವೇ, ಹೊರಗಿನ ಗುಂಡಿನ ನೆರಳಿನಲ್ಲಿ ಒಂದು ಕಟ್ಟೆ ಹಾಕಿಸಿಕೊಡು ಎಂದರು. ಗಂಡಂದಿರ ಜೊತೆ ಬಂದು ಸುಮ್ಮನೆ ಕಾರಿನಲ್ಲಿ ಕೂರುವ ಹೆಂಗಸರು, ಡ್ರೈವರುಗಳು, ಕುಡಿಯದ ಹಿರಿಯರು ಎಲ್ಲಿ ಕೂರಬೇಕು ಎಂದು ಕೇಳಿದರು. ನಮ್ಮ ಯಾರ ತಲೆಗೂ ಅದು ಹೊಳೆದಿರಲಿಲ್ಲ. ಖಾಸಿಂ ಸಾಬರು ಕಟ್ಟೆ ಕಟ್ಟಿದರು. ಈಗ ಅಲ್ಲಿ ದ್ರಾಕ್ಷಿ ರಸ, ಮಜ್ಜಿಗೆ, ಮಂಡಕ್ಕಿ ಸಿಗುತ್ತದೆ. ಬಿಡುವಿದ್ದಾಗ ಪಾರ್ವತಮ್ಮನವರೇ ಕೂತು ಬಂದವರ ಊರು ಕೇರಿ ವಿಚಾರಿಸುತ್ತಾರೆ. ನನ್ನ ಗಂಡನನ್ನೂ ಒಮ್ಮೆ ಕರೆದುಕೊಂಡು ಹೋಗಿದ್ದೆ. ಅವರೂ ಪಾರ್ವತಮ್ಮನವರೂ ಹಡಗಲಿಯ ಹಳೆಯ ಸಂಬಂಧಿಕರೊಬ್ಬರ ಸುದ್ದಿ ತೆಗೆದು, ನಾನು ಕರೆದರೂ ಏಳಲಿಲ್ಲ.

ಅದಾದ ಮೇಲೆ ನಾನು ಹೊಸ ಕೆಲಸ ಹಿಡಿಯಲಿಲ್ಲ. ಕಚೇರಿಯನ್ನು ಮಮತಾ ನಡೆಸುತ್ತಾಳೆ. ಮೊನ್ನೆ ಅವಳಿಗೆ ಹಡಗಲಿಯಲ್ಲಿ ಹೂ ಮಾರುವವರಿಗಾಗಿ ಒಂದು ನೆರಳಿನ ಚಪ್ಪರದ ಕೆಲಸ ಬಂತು. "ಬಂದು ಸುಮ್ಮನ ಕೂಡ್ರಿ ಮೇಡಂ, ನನಗ ಧೈರ್ಯ ಆಗತೈತಿ" ಎಂದು ಕರೆದಳು. ಬೆಳಿಗ್ಗೆಯ ಬಸ್ ಹಿಡಿದು ಹೋದೆ.

ಬಯಲಿನಲ್ಲಿ ಮಲ್ಲಿಗೆಯ ರಾಶಿ, ಒದ್ದೆ ಬಟ್ಟೆ, ಮಾರುವ ಹೆಂಗಸರ ಗದ್ದಲ. ಮಮತಾಳ ಚೀಲದಲ್ಲಿ ಲ್ಯಾಪ್‌ಟಾಪ್ ಇತ್ತು, ಹೊರಗೆ ತೆಗೆಯಲಿಲ್ಲ. ಒಬ್ಬ ಹಣ್ಣು ಹಣ್ಣು ಮುದುಕಿಯ ಪಕ್ಕ ನೆಲಕ್ಕೆ ಕೂತಳು. "ಅಜ್ಜಿ, ಬಿಸಿಲು ಏರಿದ್ರ ನೀವು ಯಾವ ಕಡಿ ಸರಕೊಂತೀರಿ?" ಎಂದು ಕೇಳಿದಳು. ಮುದುಕಿ ಹೂ ಕಟ್ಟುವುದನ್ನು ನಿಲ್ಲಿಸದೆ ಹೇಳತೊಡಗಿದಳು. ಪಕ್ಕದವಳು ಅಲ್ಲವೆಂದಳು, ಮೂರನೆಯವಳು ಮಧ್ಯೆ ಬಾಯಿ ಹಾಕಿದಳು. ಮೂವರ ಮಾತನ್ನೂ ಕೇಳುತ್ತ ಮಮತಾ ಅವರ ಜೊತೆಗೇ ನೆರಳಿನಿಂದ ನೆರಳಿಗೆ ಸರಿಯುತ್ತಿದ್ದಳು. ನಾನು ಆಚೆ ಒಂದು ಖಾಲಿ ಬುಟ್ಟಿ ಬೋರಲು ಹಾಕಿಕೊಂಡು ಕೂತೆ. ಮಧ್ಯಾಹ್ನದವರೆಗೂ ಮಮತಾಳಿಗೆ ನನ್ನನ್ನು ಏನೂ ಕೇಳುವ ಅಗತ್ಯ ಬೀಳಲಿಲ್ಲ.